ತುತ್ತು ಮತ್ತು ತಕ್ಕಡಿ

ಇಟಲಿಯ ಪಾದುವಾ ವಿಶ್ವವಿದ್ಯಾಲಯದಲ್ಲಿ ವೈದ್ಯಶಾಸ್ತ್ರದ ಪ್ರಾಧ್ಯಾಪಕನಾಗಿದ್ದ ಸಾಂಟೋರಿಯೊ ಎಂಬಾತನು ದೊಡ್ಡದೊಂದು ತೂಗುದಂಡಕ್ಕೆ ಕುರ್ಚಿಯನ್ನು ಕಟ್ಟಿಸಿ, ಅದರಲ್ಲಿ ತಾನೇ ಕುಳಿತು, ಉಣ್ಣುವುದಕ್ಕೆ ಮುಂಚೆಯೂ ಉಂಡ ತರುವಾಯವೂ, ಮಲಗುವ ಮುನ್ನವೂ ಎದ್ದ ಮೇಲೆಯೂ, ವರ್ಷಗಟ್ಟಲೆ ತನ್ನ ದೇಹದ ತೂಕವನ್ನು ಗುರುತು ಹಾಕಿಕೊಳ್ಳುತ್ತಿದ್ದನು. ತಿಂದುದನ್ನೂ ಕುಡಿದುದನ್ನೂ ತೂಗಿ, ದೇಹದಿಂದ ಹೊರಬಿದ್ದುದನ್ನೂ ತೂಗಿ, ಎರಡಕ್ಕೂ ತಾಳೆ ನೋಡಿದಾಗ, ಲೆಕ್ಕ ಕೂಡಿಬರದೆ, ಒಳಗೆ ಹೋದುದರಲ್ಲಿ ಬಹುಭಾಗವು ಕಣ್ಣಿಗೆ ಕಾಣದ ಹಾದಿಯಲ್ಲಿ ಹೊರಟುಹೋಗುತ್ತಿದೆಯೆಂದು ಅವನಿಗೆ ತೋರಿತು. ದಿನಕ್ಕೆ ಎಂಟು ಪೌಂಡಿನಷ್ಟು ಅನ್ನಪಾನಗಳನ್ನು ಸೇವಿಸಿದವನಲ್ಲಿ ಐದು ಪೌಂಡಿನಷ್ಟು ಹೀಗೆ ಅಗೋಚರವಾದ ಬೆವರಾಗಿ ಹೋಗುವುದೆಂದು ಅವನು ನಿಶ್ಚಯಿಸಿದನು. 1614ರಲ್ಲಿ ಅಚ್ಚಾದ ಅವನ ಸೂತ್ರರೂಪದ ಕಿರುಗ್ರಂಥವು ಯೂರೋಪಿನ ವೈದ್ಯರಲ್ಲಿ ಬಹುಕಾಲ ಪ್ರಮಾಣವಾಗಿ ನಡೆಯಿತು. ಮನುಷ್ಯದೇಹವನ್ನು ಕ್ರಮವರಿತು ತೂಗಿ, ಆ ತೂಕದ ಏರಿಳಿತದಿಂದ ದೇಹದ ಒಳಗುಟ್ಟನ್ನು ತಿಳಿಯಬಹುದೆಂಬ ಆಸೆ ಆಧುನಿಕ ವೈದ್ಯದಲ್ಲಿ ಮೊಳೆತದ್ದು ಆ ಕುರ್ಚಿಯಲ್ಲಿಯೇ ಎಂದರೆ ತಪ್ಪಾಗಲಾರದು.

ಆ ತಕ್ಕಡಿಯು ಜಿಜ್ಞಾಸೆಯ ತಕ್ಕಡಿ. ಅದು ಕುಳಿತವನ ಗುಣದೋಷಗಳನ್ನು ಎಣಿಸುತ್ತಿರಲಿಲ್ಲ. ದೇಹವನ್ನು ತೂಗುವುದು ನಮ್ಮ ನಾಡಿಗೂ ಹೊಸತಲ್ಲ. ಹಂಪೆಯಲ್ಲಿ ವಿಠ್ಠಲ ದೇವಾಲಯಕ್ಕೆ ಸಮೀಪದಲ್ಲಿ ಇಂದಿಗೂ ನಿಂತಿರುವ ರಾಜರ ತುಲಾಭಾರದ ಕಲ್ಲುಕಂಬಗಳನ್ನು ಕಂಡವರಿಗೆ, ಅಲ್ಲಿ ತೂಕವೆಂಬುದು ದಾನದ ಪ್ರಮಾಣವಾಗಿತ್ತೇ ಹೊರತು ತೂಗಿಸಿಕೊಂಡವನ ಮೇಲಿನ ತೀರ್ಪಾಗಿರಲಿಲ್ಲವೆಂಬುದು ತಿಳಿದೇ ಇದೆ. ತಕ್ಕಡಿಯು ನ್ಯಾಯಾಧೀಶನ ಪೀಠವನ್ನೇರಿದ್ದು ಈಚಿನ ಕಾಲದಲ್ಲಿ. ಹಾಗೆ ಏರಿದುದರ ದುಷ್ಫಲವನ್ನು ಎಲ್ಲರಿಗಿಂತ ಹೆಚ್ಚಾಗಿ ಅನುಭವಿಸಿದವರು, ಊಟದ ಮೇಲಣ ಹಿಡಿತ ಇದ್ದಕ್ಕಿದ್ದಂತೆ ತಪ್ಪಿ, ಹಸಿವಿಲ್ಲದಾಗಲೂ, ಹೊಟ್ಟೆ ಬಿರಿಯುವವರೆಗೂ, ಇತರರ ಕಣ್ಣಿಗೆ ಬೀಳದಂತೆ ಒಬ್ಬರೇ ಕುಳಿತು ಅವಸರವಸರವಾಗಿ ತಿಂದು, ಅನಂತರ ತಮ್ಮನ್ನು ತಾವೇ ಹೇಸಿಕೊಳ್ಳುವ ರೋಗಕ್ಕೆ ಒಳಗಾದವರು. ಬಿಂಜ್ ಈಟಿಂಗ್ ಡಿಸಾರ್ಡರ್ ಎಂದು ಈಗ ವೈದ್ಯರು ಕರೆಯುವ ಈ ಅತಿಭೋಜನದ ವ್ಯಾಧಿಗೆ ಚಿಕಿತ್ಸೆ ನಡೆಯುವಾಗ ರೋಗಿಯ ತೂಕ ಏನಾಗುತ್ತದೆ, ಏನಾಗಬೇಕು, ಅದನ್ನು ಯಾರು, ಎಷ್ಟು ದಿನಕ್ಕೊಮ್ಮೆ ನೋಡಬೇಕು ಎಂಬ ಪ್ರಶ್ನೆಗಳಿಗೆ ಉತ್ತರ ದೊರೆಯುವುದಕ್ಕೆ ವೈದ್ಯಶಾಸ್ತ್ರಕ್ಕೆ ಅರ್ಧ ಶತಮಾನಕ್ಕಿಂತ ಹೆಚ್ಚು ಕಾಲ ಬೇಕಾಯಿತು. ಉತ್ತರವು ಸರಳವಾಗಿದೆ: ತುತ್ತಿನ ಮೇಲಣ ಹಿಡಿತ ಬೇರೆ, ದೇಹದ ತೂಕ ಬೇರೆ. ಇದನ್ನು ಒಪ್ಪಿಕೊಳ್ಳುವುದು ಮಾತ್ರ ರೋಗಿಗೂ ವೈದ್ಯನಿಗೂ ಕಷ್ಟವಾಯಿತು.

ಲಂಡನ್ನಿನ ಸೇಂಟ್ ಜೇಮ್ಸ್ ಬೀದಿಯಲ್ಲಿ, ಈಗ ಮದ್ಯದ ವ್ಯಾಪಾರಕ್ಕೆ ಹೆಸರಾದ ಬೆರ್ರಿ ಬ್ರದರ್ಸ್ ಅಂಡ್ ರಡ್ ಎಂಬ ಹಳೆಯ ಅಂಗಡಿಯುಂಟು. ಕಾಫಿಯ ಮೂಟೆಗಳನ್ನು ತೂಗುವುದಕ್ಕೆಂದು ಅಲ್ಲಿ ತೂಗುಹಾಕಿದ್ದ ಭಾರಿ ತಕ್ಕಡಿಯಲ್ಲಿ 1765ರಿಂದ ಮೊದಲ್ಗೊಂಡು ಗಿರಾಕಿಗಳೂ ಕುಳಿತು ತೂಗಿಸಿಕೊಳ್ಳುವ ಪದ್ಧತಿ ಬೆಳೆಯಿತು. ಆ ತೂಕಗಳನ್ನು ಬರೆದಿಟ್ಟ ಚರ್ಮದ ಹೊದಿಕೆಯ ದಪ್ಪ ಪುಸ್ತಕಗಳು ಇನ್ನೂ ಉಳಿದಿವೆ. ಅವುಗಳಲ್ಲಿ ಕವಿ ಬೈರನ್ನನ ಹೆಸರೂ ಇದೆ. 1806ರಲ್ಲಿ, ಹದಿನೆಂಟರ ಆಸುಪಾಸಿನ ಆ ತರುಣನ ತೂಕ ಹದಿಮೂರು ಸ್ಟೋನ್ ಹನ್ನೆರಡು ಪೌಂಡು, ಎಂದರೆ ಸುಮಾರು 88 ಕಿಲೋ. 1811ರ ಹೊತ್ತಿಗೆ ಅದು ನಾಲ್ಕು ಸ್ಟೋನಿಗೆ ಕಡಿಮೆಯಿಲ್ಲದಷ್ಟು ಇಳಿದಿತ್ತು. ದಪ್ಪಗಾಗುವೆನೆಂಬ ಭಯ ಅವನನ್ನು ಬಾಳಿನುದ್ದಕ್ಕೂ ಕಾಡಿತೆಂದೂ, ಬಿಸ್ಕತ್ತು ಸೋಡಾನೀರುಗಳಿಂದಲೇ ಕಾಲಯಾಪನೆ ಮಾಡುತ್ತಿದ್ದವನು ನಡುನಡುವೆ ಸಿಕ್ಕಿದುದನ್ನು ಕಲಸಿ ಆತುರದಿಂದ ನುಂಗುತ್ತಿದ್ದನೆಂದೂ ಅವನನ್ನು ಬಲ್ಲವರು ಬರೆದಿದ್ದಾರೆ. ಗತಿಸಿದವರಿಗೆ ಇಂದಿನ ರೋಗನಾಮಗಳನ್ನು ಅಂಟಿಸುವುದು ಯುಕ್ತವಲ್ಲ. ಆದರೆ ಉಪವಾಸ, ಅದರ ಬೆನ್ನಿಗೆ ಹಿಡಿತ ತಪ್ಪಿದ ಊಟ, ಅದರ ಬೆನ್ನಿಗೆ ತಕ್ಕಡಿ, ಮರಳಿ ಉಪವಾಸ ಎಂಬ ಈ ಚಕ್ರವು ಇಂದಿನ ಚಿಕಿತ್ಸಾಲಯಗಳಲ್ಲಿ ದಿನನಿತ್ಯವೂ ಕಾಣುವುದರಿಂದ ಅದನ್ನು ಇಲ್ಲಿ ನೆನೆದದ್ದು.

ಹತ್ತೊಂಬತ್ತನೆಯ ಶತಮಾನದ ಕೊನೆಗೆ ನಾಣ್ಯ ಹಾಕಿ ತೂಕ ನೋಡುವ ಯಂತ್ರಗಳು ಅಮೆರಿಕದ ಬೀದಿಗಳಿಗೆ ಬಂದುವು; ಅನಂತರ ಮನೆಯ ಸ್ನಾನಗೃಹಕ್ಕೇ ತಕ್ಕಡಿ ಬಂದಿತು. 1918ರಲ್ಲಿ ಲುಲು ಹಂಟ್ ಪೀಟರ್ಸ್ ಎಂಬ ವೈದ್ಯೆಯ ಪುಸ್ತಕವು ಆಹಾರವನ್ನು ಕ್ಯಾಲೊರಿಗಳ ಲೆಕ್ಕದಲ್ಲಿ ಅಳೆಯುವುದನ್ನು ಮನೆಮನೆಗೆ ಕಲಿಸಿತು. 1940ರ ದಶಕದ ಮೊದಲಲ್ಲಿ ಮೆಟ್ರೊಪಾಲಿಟನ್ ಎಂಬ ಜೀವವಿಮಾ ಸಂಸ್ಥೆಯು ಎತ್ತರಕ್ಕೆ ತಕ್ಕ ‘ಆದರ್ಶ’ ತೂಕದ ಕೋಷ್ಟಕಗಳನ್ನು ಹೊರಡಿಸಿದ ಮೇಲೆ, ವಿಮೆಯ ಕಂತನ್ನು ನಿಗದಿಮಾಡುವ ಲೆಕ್ಕವು ಕ್ರಮೇಣ ಸದಾಚಾರದ ಲೆಕ್ಕವಾಗಿ ಪರಿಣಮಿಸಿತು. ನಮ್ಮ ರೈಲುನಿಲ್ದಾಣಗಳಲ್ಲಿ, ಬಣ್ಣದ ದೀಪಗಳು ಮಿನುಗುತ್ತ, ಒಳಗೆ ಚಕ್ರ ಗಿರ್ರನೆ ತಿರುಗುತ್ತ ನಿಂತಿರುತ್ತಿದ್ದ ತೂಕದ ಯಂತ್ರವನ್ನು ನೆನೆಯಿರಿ. ಬಿಲ್ಲೆ ಹಾಕಿದರೆ ಟಪ್ಪೆಂದು ಬೀಳುವ ಆ ಗಟ್ಟಿ ಕಾಗದದ ಚೀಟಿಯಲ್ಲಿ ತೂಕವೂ ಇರುತ್ತಿತ್ತು, ಭವಿಷ್ಯವಾಣಿಯೂ ಇರುತ್ತಿತ್ತು. ನಮಗೆ ಅದು ಪ್ರಯಾಣದ ಬೇಸರವನ್ನು ಕಳೆಯುವ ಆಟ. ಆದರೆ ತೂಕದ ಅಂಕಿಯಲ್ಲಿಯೇ ತನ್ನ ಹಣೆಬರಹವನ್ನು ಓದಿಕೊಳ್ಳುವ ರೋಗಿಗೆ ಆ ಚೀಟಿಯ ಎರಡು ಬರಹಗಳೂ ಒಂದೇ.

ಈ ಭಾವನೆಗೆ ಸಂಘಗಳೂ ಹುಟ್ಟಿಕೊಂಡುವು. 1948ರಲ್ಲಿ ಮಿಲ್ವಾಕಿ ನಗರದಲ್ಲಿ ಎಸ್ತರ್ ಮಾಂಜ್ ಎಂಬ ಗೃಹಿಣಿ ‘ಟಾಪ್ಸ್’ ಎಂಬ ಸಂಘವನ್ನು ಕಟ್ಟಿದಳು. 1963ರಲ್ಲಿ ನ್ಯೂಯಾರ್ಕಿನ ಜೀನ್ ನೈಡೆಚ್ ‘ವೆಯ್ಟ್ ವಾಚರ್ಸ್’ ಸಂಸ್ಥೆಯನ್ನು ಆರಂಭಿಸಿದಳು. ವಾರಕ್ಕೊಮ್ಮೆ ಸೇರುವುದು, ಸೇರಿದೊಡನೆ ತಕ್ಕಡಿಯ ಮೇಲೆ ನಿಲ್ಲುವುದು, ಇಳಿದವರಿಗೆ ಚಪ್ಪಾಳೆ, ಇದು ಅಲ್ಲಿನ ಮುಖ್ಯ ಆಚಾರ. ಹಲವರಿಗೆ ಅಲ್ಲಿ ಸಂಗಾತಿಗಳು ದೊರೆತರು, ಧೈರ್ಯ ದೊರೆಯಿತು. ಇದನ್ನು ಅಲ್ಲಗಳೆಯುವುದು ಅನ್ಯಾಯವಾದೀತು. ಆದರೆ ಆ ವಾರ ಮನೆಯ ಬಾಗಿಲು ಮುಚ್ಚಿಕೊಂಡು ಅಡಿಗೆಮನೆಯ ಡಬ್ಬಿಗಳನ್ನೆಲ್ಲ ಬರಿದುಮಾಡಿ ಬಂದವಳಿಗೆ, ಹತ್ತು ಜನರೆದುರಿಗೆ ತಕ್ಕಡಿಯನ್ನೇರುವುದು ಎಂತಹ ಶಿಕ್ಷೆಯಾಗಿದ್ದಿರಬೇಕು! ಏಕೆ ಹಾಗೆ ತಿಂದೆಯೆಂದು ಅವಳನ್ನು ಕೇಳುವವರು ಇರಲಿಲ್ಲ; ಎಷ್ಟು ಏರಿದೆಯೆಂದು ನೋಡುವವರು ಮಾತ್ರ ಇದ್ದರು.

ವೈದ್ಯರು ಇದಕ್ಕಿಂತ ಉತ್ತಮವಾಗಿ ನಡೆದುಕೊಂಡರೆ? 1959ರಲ್ಲಿ ಆಲ್ಬರ್ಟ್ ಸ್ಟಂಕರ್ಡ್ ಎಂಬ ಮನೋವೈದ್ಯನು ಮೇವಿಸ್ ಮೆಕ್‌ಲಾರೆನ್ ಹ್ಯೂಮ್ ಎಂಬಾಕೆಯೊಡನೆ ಕೂಡಿ ಪ್ರಕಟಿಸಿದ ಲೆಕ್ಕ ಇದಕ್ಕೆ ಉತ್ತರವನ್ನು ಕೊಡುತ್ತದೆ. ನ್ಯೂಯಾರ್ಕಿನ ಆಸ್ಪತ್ರೆಯೊಂದರಲ್ಲಿ ಸ್ಥೂಲಕಾಯಕ್ಕೆಂದು ಪಥ್ಯದ ಪಟ್ಟಿಯನ್ನು ಪಡೆದ 100 ರೋಗಿಗಳಲ್ಲಿ 20 ಪೌಂಡು ಇಳಿದವರು 12 ಮಂದಿ, 40 ಪೌಂಡು ಇಳಿದವನು ಒಬ್ಬನೇ. ಎರಡು ವರ್ಷ ಕಳೆದ ಮೇಲೆ ಇಳಿದುದನ್ನು ಉಳಿಸಿಕೊಂಡವರು ಇಬ್ಬರು. ತನ್ನದೇ ವೃತ್ತಿಯ ನಿಷ್ಫಲತೆಯನ್ನು ಹೀಗೆ ಅಂಕಿಗಳಲ್ಲಿ ಬಯಲುಮಾಡಿದ ಪ್ರಾಮಾಣಿಕತೆಗೆ ಎಷ್ಟು ಗೌರವ ಸಲ್ಲಿಸಿದರೂ ಸಾಲದು. ಪಥ್ಯದ ಪಟ್ಟಿ ಕೊಟ್ಟು ಕಳುಹಿಸಿ, ಮುಂದಿನ ಸಲ ತೂಗಿ, ಇಳಿಯದಿದ್ದರೆ ರೋಗಿಯ ಮನೋದೌರ್ಬಲ್ಯವೆಂದು ಗದರಿಸುವುದೇ ಚಿಕಿತ್ಸೆಯಾಗಿದ್ದ ಕಾಲವದು.

ಇಷ್ಟು ಹೊತ್ತಿಗಾಗಲೇ ಇನ್ನೊಂದು ಕಡೆ, ಸಂಪೂರ್ಣವಾಗಿ ಬೇರೆಯೇ ಉದ್ದೇಶದಿಂದ ನಡೆದ ಪ್ರಯೋಗವೊಂದು ಈ ರೋಗದ ಬೀಗಕ್ಕೆ ಕೀಲಿಯನ್ನು ಒದಗಿಸಿತ್ತು. ಅದನ್ನು ಯಾರೂ ಆ ಬೀಗಕ್ಕೆ ಹಾಕಿ ನೋಡಿರಲಿಲ್ಲ. ಎರಡನೆಯ ಮಹಾಯುದ್ಧದ ಕೊನೆಯ ಕಾಲ. ಬಂಗಾಳದ ಕ್ಷಾಮ ಆಗಷ್ಟೇ ಲಕ್ಷಾಂತರ ಜನರನ್ನು ನುಂಗಿತ್ತು, ಯೂರೋಪಿನಲ್ಲಿ ಹಸಿವು ಹರಡುತ್ತಿತ್ತು. ಹಸಿದು ಬಡಕಲಾದವರಿಗೆ ಮರಳಿ ಹೇಗೆ ಉಣಿಸಬೇಕೆಂಬುದನ್ನು ತಿಳಿಯಲೆಂದು ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಆನ್ಸೆಲ್ ಕೀಸ್ ಎಂಬ ಶರೀರಶಾಸ್ತ್ರಜ್ಞನು, ಮನಸ್ಸಾಕ್ಷಿಗೆ ಒಪ್ಪದೆಂದು ಯುದ್ಧಕ್ಕೆ ಹೋಗಲು ನಿರಾಕರಿಸಿದ ತರುಣರಲ್ಲಿ 36 ಮಂದಿ ಆರೋಗ್ಯವಂತರನ್ನು ಆಯ್ದು, ವಿಶ್ವವಿದ್ಯಾಲಯದ ಕ್ರೀಡಾಂಗಣದ ಕೆಳಗಣ ಕೊಠಡಿಗಳಲ್ಲಿ ಇರಿಸಿಕೊಂಡನು. 1944ರ ನವೆಂಬರಿನಲ್ಲಿ ಆರಂಭವಾದ ಪ್ರಯೋಗದಲ್ಲಿ ಮೊದಲ ಮೂರು ತಿಂಗಳು ಯಥೋಚಿತವಾದ ಊಟ; ಅನಂತರ 1945ರ ಫೆಬ್ರವರಿಯಿಂದ 24 ವಾರ ಅರೆಹೊಟ್ಟೆ. ಆಲೂಗಡ್ಡೆ, ಟರ್ನಿಪ್ ಗೆಡ್ಡೆ, ಕಪ್ಪು ರೊಟ್ಟಿ, ಮ್ಯಾಕರೋನಿ ಇವೇ ಆಹಾರ. ದಿನಕ್ಕೆ ಸುಮಾರು 1,570 ಕ್ಯಾಲೊರಿ. ವಾರಕ್ಕೆ 22 ಮೈಲಿ ನಡಿಗೆ ಕಡ್ಡಾಯ.

ಇಲ್ಲಿ ತಕ್ಕಡಿಯೇ ಯಜಮಾನ. ಪ್ರತಿಯೊಬ್ಬನೂ ಯಾವ ವಾರ ಎಷ್ಟು ತೂಗಬೇಕೆಂಬ ಇಳಿಜಾರು ರೇಖೆಯನ್ನು ಮೊದಲೇ ಎಳೆದಿಟ್ಟಿದ್ದರು. ರೇಖೆಗಿಂತ ತೂಕ ಮೇಲುಳಿದರೆ ಮುಂದಿನ ವಾರ ರೊಟ್ಟಿಯ ಚೂರುಗಳು ಕಡಿಮೆಯಾಗುತ್ತಿದ್ದುವು, ಕೆಳಗಿಳಿದರೆ ಒಂದೆರಡು ಹೆಚ್ಚುತ್ತಿದ್ದುವು. ಸರಾಸರಿ 69 ಕಿಲೋ ಇದ್ದವರು 53 ಕಿಲೋ ಸಮೀಪಕ್ಕೆ ಬಂದರು. ಸುಶಿಕ್ಷಿತರೂ ಧ್ಯೇಯನಿಷ್ಠರೂ ಆದ ಆ ತರುಣರು ತಟ್ಟೆಗಳನ್ನು ನೆಕ್ಕಿದರು. ಪಾಕಶಾಸ್ತ್ರದ ಪುಸ್ತಕಗಳನ್ನು ಸಂಗ್ರಹಿಸಿ ರಾತ್ರಿಯೆಲ್ಲ ಓದಿದರು. ಸ್ವಲ್ಪವೇ ಆಹಾರಕ್ಕೆ ನೀರು ಬೆರಸಿ ಗಂಟೆಗಟ್ಟಲೆ ಉಂಡರು. ನಗು, ಸ್ನೇಹ, ಪ್ರೇಮ, ಲೋಕವಾರ್ತೆ ಎಲ್ಲವೂ ಅವರ ಮನಸ್ಸಿನಿಂದ ಹಿಂದೆ ಸರಿದು ಅನ್ನವೊಂದೇ ಮುಂದೆ ನಿಂತಿತು. ಕೆಲವರು ಆಣೆ ಮುರಿದು ಊರಿನಲ್ಲಿ ಕದ್ದು ತಿಂದರು. ತಿಂದ ಮೇಲೆ ಪಶ್ಚಾತ್ತಾಪದಿಂದ ಬೆಂದರು.

ಆದರೆ ನಮ್ಮ ವಿಷಯಕ್ಕೆ ಇದಕ್ಕಿಂತಲೂ ಮುಖ್ಯವಾದುದು ಉಪವಾಸ ಮುಗಿದ ಮೇಲಣ ಅಧ್ಯಾಯ. ಕಟ್ಟುಪಾಡು ಸಡಿಲಿ ಬೇಕಾದಷ್ಟು ತಿನ್ನಬಹುದೆಂದಾದಾಗ, ಹೊಟ್ಟೆ ತುಂಬಿ ನೋಯುತ್ತಿದ್ದರೂ ಹಸಿವು ಹಿಂಗಲಿಲ್ಲವೆಂದು ಅವರಲ್ಲಿ ಹಲವರು ಹೇಳಿದರು. ದಿನಕ್ಕೆ ಐದು ಸಾವಿರ ಕ್ಯಾಲೊರಿಗಳನ್ನು ಮೀರಿ ತಿಂದವರುಂಟು. ಅತಿಯಾಗಿ ತಿಂದು ಆಸ್ಪತ್ರೆ ಸೇರಿ, ಕೊಳವೆಯಿಂದ ಜಠರವನ್ನು ಬರಿದುಮಾಡಿಸಿಕೊಂಡವನೂ ಉಂಟು. ತಿಂಗಳುಗಳು ಕಳೆದಂತೆ ಕರಗಿದ ಸ್ನಾಯು ಇನ್ನೂ ಪೂರ್ತಿಯಾಗಿ ಮರಳುವ ಮೊದಲೇ ಮೈಯ ಕೊಬ್ಬು ಹಿಂದಿನ ಮಟ್ಟವನ್ನು ದಾಟಿತು. ಇವರಾರೂ ಹುಟ್ಟಾ ಹೊಟ್ಟೆಬಾಕರಲ್ಲ. ಮಾನಸಿಕವಾಗಿ ಗಟ್ಟಿಯಾಗಿರುವವರೆಂದು ಪರೀಕ್ಷಿಸಿಯೇ ಆಯ್ದವರು. ಹಸಿವನ್ನು ಬಲವಂತವಾಗಿ ಅದುಮಿದಾಗ ಹಿಡಿತ ತಪ್ಪಿದ ಊಟವು ತಾನಾಗಿ ಉಕ್ಕಿ ಬರುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಏಕೆ ಬೇಕು? 1950ರಲ್ಲಿ ಎರಡು ಬೃಹತ್ ಸಂಪುಟಗಳಲ್ಲಿ ಕೀಸ್ ಇದನ್ನೆಲ್ಲ ಅಚ್ಚುಹಾಕಿಸಿದನು. ತೂಕ ಇಳಿಸಲೆಂದು ರೋಗಿಗಳಿಗೆ ಅರೆಹೊಟ್ಟೆಯ ಪಟ್ಟಿ ಬರೆದುಕೊಡುತ್ತಿದ್ದ ವೈದ್ಯರ ಮೇಜಿಗೆ ಆ ಸಂಪುಟಗಳ ಪಾಠ ತಲುಪುವುದಕ್ಕೆ ಇನ್ನೂ ಮೂವತ್ತು ವರ್ಷ ಹಿಡಿಯಿತೆಂಬುದನ್ನು ನೆನೆದರೆ ವ್ಯಥೆಯಾಗುತ್ತದೆ.

ಸ್ಟಂಕರ್ಡನು ಅದೇ 1959ರಲ್ಲಿ ಬರೆದ ಮತ್ತೊಂದು ಲೇಖನದಲ್ಲಿ ಸ್ಥೂಲಕಾಯರು ಉಣ್ಣುವ ರೀತಿಗಳನ್ನು ವಿಂಗಡಿಸುತ್ತ, ಅವರಲ್ಲಿ ಕೆಲವರು ಅಲ್ಪಕಾಲದಲ್ಲಿ ಅಪಾರವಾಗಿ ತಿಂದು, ಆಮೇಲೆ ಆತ್ಮಧಿಕ್ಕಾರದಿಂದ ನರಳಿ, ಮರುದಿನದಿಂದ ಕಠಿಣ ಪಥ್ಯವನ್ನು ಹಿಡಿಯುವುದನ್ನು ಪ್ರತ್ಯೇಕವಾಗಿ ಗುರುತಿಸಿದನು. ದಪ್ಪಗಿರುವವರೆಲ್ಲರೂ ಹೀಗೆ ತಿನ್ನುವವರಲ್ಲ, ಹೀಗೆ ತಿನ್ನುವವರೆಲ್ಲರೂ ದಪ್ಪಗಿರುವವರಲ್ಲ ಎಂಬ ವಿವೇಕಕ್ಕೆ ಅಲ್ಲಿ ಬೀಜವಿತ್ತು. ಮರುವರ್ಷವೇ, 1960ರಲ್ಲಿ, ಲಾಸ್ ಏಂಜಲೀಸಿನಲ್ಲಿ ರೋಗಿಗಳೇ ಕೂಡಿ ‘ಓವರ್‌ಈಟರ್ಸ್ ಅನಾನಿಮಸ್’ ಸಂಘವನ್ನು ಸ್ಥಾಪಿಸಿದರು. ವೈದ್ಯರು ಇನ್ನೂ ರೋಗವೆಂದು ಮನ್ನಿಸದಿದ್ದ ಸಂಕಟಕ್ಕೆ ಸಂಕಟಪಡುವವರೇ ಆಸರೆಯನ್ನು ಕಟ್ಟಿಕೊಂಡರು. ಸ್ಟಂಕರ್ಡನು ಮುಂದೆ 1986ರಲ್ಲಿ ಡೆನ್ಮಾರ್ಕಿನಲ್ಲಿ ದತ್ತಕ್ಕೆ ಹೋಗಿ ಬೆಳೆದ 540 ಮಂದಿಯನ್ನು ಪರಿಶೀಲಿಸಿ, ಅವರ ಮೈಕಟ್ಟು ಸಾಕಿದವರನ್ನಲ್ಲ, ಹೆತ್ತವರನ್ನು ಹೋಲುತ್ತದೆಯೆಂದು ತೋರಿಸಿದನು. ತಕ್ಕಡಿಯ ಅಂಕಿಯಲ್ಲಿ ಇಚ್ಛಾಶಕ್ತಿಯ ಪಾಲು ಜನ ಭಾವಿಸಿದ್ದಕ್ಕಿಂತ ಎಷ್ಟು ಕಡಿಮೆಯೆಂಬುದು ಇದರಿಂದ ಸ್ಪಷ್ಟವಾಯಿತು.

ಈ ನಡುವೆ 1975ರಲ್ಲಿ ಪೀಟರ್ ಹರ್ಮನ್ ಮತ್ತು ಡೆಬೊರಾ ಮ್ಯಾಕ್ ನಡೆಸಿದ ಚಿಕ್ಕ ಪ್ರಯೋಗವೊಂದನ್ನು ಹೇಳಲೇಬೇಕು. ಕಾಲೇಜಿನ ತರುಣಿಯರಲ್ಲಿ ಕೆಲವರಿಗೆ ಮಿಲ್ಕ್‌ಶೇಕ್ ಕುಡಿಸಿ, ಕೆಲವರಿಗೆ ಕುಡಿಸದೆ, ಆಮೇಲೆ ಎಲ್ಲರಿಗೂ ರುಚಿ ನೋಡುವ ನೆಪದಲ್ಲಿ ಐಸ್‌ಕ್ರೀಮನ್ನು ಕೊಟ್ಟರು. ಸಹಜವಾಗಿ ಉಣ್ಣುವವರು ಮೊದಲು ಕುಡಿದಿದ್ದರೆ ಆಮೇಲೆ ಕಡಿಮೆ ತಿಂದರು. ಸದಾ ಪಥ್ಯದಲ್ಲಿರುವವರು ಮೊದಲು ಕುಡಿದಿದ್ದರೆ ಆಮೇಲೆ ಹೆಚ್ಚು ತಿಂದರು. ವ್ರತ ಹೇಗೂ ಕೆಟ್ಟಿತು, ಇನ್ನು ಎಷ್ಟು ತಿಂದರೇನು ಎಂಬ ಭಾವ! ಏಕಾದಶಿಯಂದು ಮರೆತು ಒಂದು ತುತ್ತು ಬಾಯಿಗಿಟ್ಟವರಿಗೆ ಇದನ್ನು ವಿವರಿಸಬೇಕಾಗಿಲ್ಲ.

1979ರಲ್ಲಿ ಲಂಡನ್ನಿನ ಜೆರಾಲ್ಡ್ ರಸೆಲ್ ಎಂಬ ವೈದ್ಯನು, ಅತಿಯಾಗಿ ತಿಂದು ಬಲವಂತದಿಂದ ವಾಂತಿಮಾಡಿಕೊಳ್ಳುವವರ ರೋಗಕ್ಕೆ ಬುಲಿಮಿಯಾ ನರ್ವೋಸಾ ಎಂದು ಹೆಸರಿಟ್ಟನು. ಆಕ್ಸ್‌ಫರ್ಡಿನಲ್ಲಿ ಕ್ರಿಸ್ಟೊಫರ್ ಫೇರ್‌ಬರ್ನ್ ಎಂಬ ತರುಣ ಮನೋವೈದ್ಯನು ಇಂತಹವರನ್ನು ಹುಡುಕಲು ಸಹೋದ್ಯೋಗಿಯೊಡನೆ ಒಂದು ಮಹಿಳಾ ಮಾಸಪತ್ರಿಕೆಯಲ್ಲಿ ಸಣ್ಣ ಪ್ರಕಟಣೆಯನ್ನು ಹಾಕಿಸಿದಾಗ ನೂರಾರು ಪತ್ರಗಳು ಬಂದುವು. ಬರೆದವರಲ್ಲಿ ಬಹುಮಂದಿ ಯಾವ ವೈದ್ಯರಿಗೂ ತಮ್ಮ ಗುಟ್ಟನ್ನು ಹೇಳಿದವರಲ್ಲ. 1981ರಲ್ಲಿ ಅವನು 11 ರೋಗಿಗಳಿಗೆ ಕೊಟ್ಟ ಮಾತಿನ ಚಿಕಿತ್ಸೆಯ ವರದಿಯನ್ನು ಪ್ರಕಟಿಸಿದನು. ಮುಂದೆ ವಾಂತಿಮಾಡಿಕೊಳ್ಳದ ಅತಿಭೋಜನದ ರೋಗಿಗಳಿಗೂ ಇದೇ ಚಿಕಿತ್ಸೆ ವಿಸ್ತರಿಸಿತು.

ಈ ಚಿಕಿತ್ಸೆಯ ಕೇಂದ್ರದಲ್ಲಿರುವುದು ಒಂದು ಹಾಳೆ. ಅದರಲ್ಲಿ ಗೆರೆ ಎಳೆದು ಮಾಡಿದ ಕೆಲವು ಅಂಕಣಗಳು: ಹೊತ್ತು, ತಿಂದದ್ದು, ಕುಡಿದದ್ದು, ಎಲ್ಲಿ, ಅತಿಯಾಯಿತೆಂದು ತನಗೇ ತೋರಿದ ತಿನಿಸಿನ ಮುಂದೆ ಒಂದು ನಕ್ಷತ್ರದ ಗುರುತು, ಕೊನೆಯದಾಗಿ, ಆಗ ಮನಸ್ಸಿನಲ್ಲಿದ್ದುದು. ಸಂಜೆ ಕುಳಿತು ನೆನಪಿನಿಂದ ಬರೆಯುವಂತಿಲ್ಲ. ತಿಂದ ಕೂಡಲೇ ಬರೆಯಬೇಕು. ಕ್ಯಾಲೊರಿಗಳಿಗೆ ಅಂಕಣವಿಲ್ಲ. ಹೀಗೆ ಒಂದೆರಡು ವಾರ ಬರೆದ ಹಾಳೆಗಳನ್ನು ರೋಗಿಯೂ ವೈದ್ಯನೂ ಜೊತೆಯಾಗಿ ಓದುವಾಗ, ಬೆಳಿಗ್ಗೆಯ ಅಂಕಣಗಳು ಬರಿದಾಗಿದ್ದು ಸಂಜೆ ಆರರ ಮೇಲೆ ನಕ್ಷತ್ರಗಳು ಒತ್ತೊತ್ತಾಗಿ ಬಂದಿರುವುದು ಸಾಮಾನ್ಯವಾಗಿ ಕಣ್ಣಿಗೆ ಬೀಳುತ್ತದೆ. ಹಗಲಿನ ಉಪವಾಸವೇ ರಾತ್ರಿಯ ಅತಿಭೋಜನವನ್ನು ಹೆರುತ್ತಿದೆಯೆಂಬುದನ್ನು ಬೋಧಿಸಬೇಕಾಗಿಲ್ಲ, ಅದು ಅವಳ ಕೈಬರಹದಲ್ಲಿಯೇ ಇರುತ್ತದೆ. ಆಗ ವೈದ್ಯನು ವಿಧಿಸುವುದು ಪಥ್ಯವನ್ನಲ್ಲ, ಊಟವನ್ನು: ದಿನಕ್ಕೆ ಮೂರು ಊಟ, ನಡುವೆ ಎರಡೋ ಮೂರೋ ಉಪಾಹಾರ, ಹಸಿವಾಗಲಿ ಬಿಡಲಿ, ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಬರಿಹೊಟ್ಟೆಯಲ್ಲಿರಕೂಡದು.

ಇದನ್ನು ಕೇಳಿದ ರೋಗಿಯ ಎದೆ ನಡುಗುತ್ತದೆ. ಈಗಲೇ ಇಷ್ಟು ದಪ್ಪವಾಗಿರುವವಳು ಮೂರು ಹೊತ್ತು ಉಂಡರೆ ಗತಿಯೇನು? ವರ್ಷಗಟ್ಟಲೆ ಅವಳ ಬದುಕನ್ನು ನಡೆಸಿದ ಭಯವೇ ಇದು. ಚಿಕಿತ್ಸೆ ಮುರಿದುಬೀಳುವುದೂ ಅನೇಕ ವೇಳೆ ಇಲ್ಲಿಯೇ. ಆದುದರಿಂದ ಫೇರ್‌ಬರ್ನನ ಪದ್ಧತಿಯಲ್ಲಿ ತಕ್ಕಡಿಯನ್ನು ಹೊರಗೆಸೆಯದೆ ಅದಕ್ಕೊಂದು ಮರ್ಯಾದೆಯನ್ನು ಗೊತ್ತುಮಾಡಿದರು. ದಿನಕ್ಕೆ ಹತ್ತು ಸಲ ತೂಗಿಕೊಳ್ಳುವವಳೂ ವಾರಕ್ಕೊಂದೇ ಸಲ. ಹೆದರಿ ವರ್ಷಗಟ್ಟಲೆ ತಕ್ಕಡಿಯನ್ನು ಮುಟ್ಟದವಳೂ ವಾರಕ್ಕೊಂದು ಸಲ. ಬಂದ ಅಂಕಿಯನ್ನು ರೇಖಾಪಟದಲ್ಲಿ ಗುರುತಿಸಿ, ಒಂದು ವಾರದ ಅಂಕಿಗೆ ಅರ್ಥ ಕಟ್ಟದೆ, ನಾಲ್ಕು ವಾರದ ಬಿಂದುಗಳು ಸಾಲಾದ ಮೇಲೆಯೇ ಏರಿತೋ ಇಳಿಯಿತೋ ಎಂದು ಹೇಳುವುದು. ಇದಕ್ಕೆ ದೇಹಧರ್ಮದ ಆಧಾರವಿದೆ. ಉಪ್ಪು, ನೀರು, ಮಲಬದ್ಧತೆ, ತಿಂಗಳ ಮುಟ್ಟು ಇವುಗಳಿಂದಲೇ ಒಂದೆರಡು ಕಿಲೋ ಅತ್ತಿತ್ತ ಆಗುವುದುಂಟು. ಉಪವಾಸದಲ್ಲಿ ಬರಿದಾಗಿದ್ದ ಯಕೃತ್ತು ಸ್ನಾಯುಗಳ ಗ್ಲೈಕೊಜನ್ ಸಂಗ್ರಹವು ಕ್ರಮವಾಗಿ ಉಣ್ಣತೊಡಗಿದೊಡನೆ ತುಂಬಿಕೊಳ್ಳುತ್ತದೆ, ಅದು ತನ್ನ ತೂಕದ ಮೂರರಷ್ಟು ನೀರನ್ನೂ ಜೊತೆಗೆ ಹಿಡಿದಿಟ್ಟುಕೊಳ್ಳುತ್ತದೆ. ಮೊದಲ ವಾರಗಳಲ್ಲಿ ಅಂಕಿ ಮೇಲೇರಿದರೆ ಅದು ಕೊಬ್ಬಲ್ಲವೆಂಬುದನ್ನು ಮುಂಚಿತವಾಗಿ ತಿಳಿದವಳು ಭಯಪಟ್ಟು ಮರಳಿ ಉಪವಾಸಕ್ಕೆ ಓಡುವುದಿಲ್ಲ.

ರೋಗಕ್ಕೆ ಅಧಿಕೃತವಾದ ಮನ್ನಣೆ ಬಂದದ್ದು ಬಹಳ ತಡವಾಗಿ. ರಾಬರ್ಟ್ ಸ್ಪಿಟ್ಜರ್ ಮತ್ತು ಸಂಗಡಿಗರು 1992ರಲ್ಲಿ ಹಲವು ಕೇಂದ್ರಗಳ ಪರಿಶೀಲನೆಯನ್ನು ಪ್ರಕಟಿಸಿದರು. ಅಮೆರಿಕದ ಮನೋವೈದ್ಯಸಂಘದ ರೋಗಪಟ್ಟಿಯಲ್ಲಿ 1994ರಲ್ಲಿ ಅನುಬಂಧದ ಮೂಲೆಯೊಂದು ದೊರೆಯಿತು. ವಾರಕ್ಕೊಮ್ಮೆಯಾದರೂ, ಮೂರು ತಿಂಗಳಾದರೂ ನಡೆದಿರಬೇಕೆಂಬ ಲಕ್ಷಣದೊಡನೆ ಸ್ವತಂತ್ರ ರೋಗವೆಂಬ ಸ್ಥಾನ ದೊರೆತದ್ದು 2013ರಲ್ಲಿ. ಆ ಲಕ್ಷಣಗಳಲ್ಲಿ ದೇಹದ ತೂಕದ ಪ್ರಸ್ತಾಪವೇ ಇಲ್ಲವೆಂಬುದು ಗಮನಾರ್ಹ.

ಹಾಗಾದರೆ ಚಿಕಿತ್ಸೆ ಪಡೆದವರ ತೂಕ ಏನಾಯಿತು? ಸ್ಟ್ಯಾನ್‌ಫರ್ಡಿನ ಸ್ಟೂವರ್ಟ್ ಆಗ್ರಸ್ ಮತ್ತು ಸಂಗಡಿಗರು 93 ಸ್ತ್ರೀಯರನ್ನು ಚಿಕಿತ್ಸೆಯ ತರುವಾಯ ಒಂದು ವರ್ಷ ಹಿಂಬಾಲಿಸಿ 1997ರಲ್ಲಿ ಕೊಟ್ಟ ಉತ್ತರ ನನಗೆ ಬಹು ಅರ್ಥಗರ್ಭಿತವಾಗಿ ಕಾಣುತ್ತದೆ: ಅತಿಭೋಜನವನ್ನು ಪೂರ್ತಿಯಾಗಿ ಬಿಟ್ಟವರು ಸರಾಸರಿ 4 ಕಿಲೋ ಇಳಿಕೆಯನ್ನು ಉಳಿಸಿಕೊಂಡಿದ್ದರು, ಬಿಡಲಾಗದವರು 3.6 ಕಿಲೋ ಏರಿದ್ದರು. ಡೆನಿಸ್ ವಿಲ್ಫ್ಲಿ 2002ರಲ್ಲಿ ಪ್ರಕಟಿಸಿದ 162 ಮಂದಿಯ ಪರೀಕ್ಷೆಯಲ್ಲಿ, ಇಪ್ಪತ್ತು ವಾರಗಳ ಗುಂಪುಚಿಕಿತ್ಸೆ ಮುಗಿದಾಗ ಹತ್ತರಲ್ಲಿ ಏಳಕ್ಕಿಂತ ಹೆಚ್ಚು ಜನ ಅತಿಭೋಜನದಿಂದ ಬಿಡುಗಡೆ ಹೊಂದಿದ್ದರು, ಒಂದು ವರ್ಷದ ಮೇಲೂ ಆರು ಮಂದಿ ಹಾಗೆಯೇ ಉಳಿದಿದ್ದರು. ತೂಕದಲ್ಲಿ ಆದ ವ್ಯತ್ಯಾಸ ಮಾತ್ರ ಅಲ್ಪ. ತೂಕವನ್ನೇ ಗುರಿಯಾಗಿಟ್ಟ ಚಿಕಿತ್ಸೆಯೊಡನೆ ಎರಡು ಮಾನಸಿಕ ಚಿಕಿತ್ಸೆಗಳನ್ನು ಹೋಲಿಸಿ ಟೆರೆನ್ಸ್ ವಿಲ್ಸನ್ ಮತ್ತು ಸಂಗಡಿಗರು 205 ಮಂದಿಯಲ್ಲಿ ನಡೆಸಿದ ಪರೀಕ್ಷೆ 2010ರಲ್ಲಿ ಹೊರಬಂದಿತು: ಮುಗಿದ ದಿನ ತೂಕದ ಚಿಕಿತ್ಸೆಯವರು ಹೆಚ್ಚು ಇಳಿದಿದ್ದರು, ಎರಡು ವರ್ಷ ಕಳೆಯುವಷ್ಟರಲ್ಲಿ ಆ ಮೇಲುಗೈ ಅಳಿಸಿಹೋಗಿತ್ತು, ಅತಿಭೋಜನದಿಂದ ಬಿಡುಗಡೆಯಲ್ಲಿ ಮಾತ್ರ ಉಳಿದೆರಡು ಚಿಕಿತ್ಸೆಗಳವರು ಮುಂದಿದ್ದರು.

ರಾತ್ರಿಯ ಸಾವಿರಾರು ಕ್ಯಾಲೊರಿಗಳು ನಿಂತರೂ ತೂಕ ಅಷ್ಟಾಗಿ ಇಳಿಯದೇಕೆ ಎಂದು ರೋಗಿಗಳು ನೊಂದು ಕೇಳುತ್ತಾರೆ. ಅದು ನ್ಯಾಯವಾದ ಪ್ರಶ್ನೆ. ರಾತ್ರಿ ನಿಂತುದರಲ್ಲಿ ಒಂದು ಭಾಗ ಹಗಲಿನ ಊಟವಾಗಿ ಮರಳುತ್ತದೆ. ಹೆತ್ತವರಿಂದ ಬಂದ ಮೈಕಟ್ಟು ತನ್ನ ನೆಲೆಯನ್ನು ಬಿಡಲೊಲ್ಲದು. ಮಿನೆಸೋಟದಲ್ಲಿ ಕಂಡಂತೆ, ಇಳಿಕೆಯನ್ನು ದೇಹವು ಹಸಿವಿನಿಂದ ಪ್ರತಿಭಟಿಸುತ್ತದೆ. ಇನ್ನೊಂದು ಮಾತೂ ಉಂಟು. ಈ ರೋಗಿಗಳಲ್ಲಿ ಬಹಳ ಮಂದಿ ಚಿಕಿತ್ಸೆಗೆ ಬರುವ ಹಿಂದಿನ ವರ್ಷದಲ್ಲಿ ತೂಕ ಏರುತ್ತಲೇ ಇದ್ದವರು. ಏರುತ್ತಿದ್ದ ರೇಖೆಯು ಸಮವಾಗಿ ನಿಂತಿದ್ದರೆ, ತಕ್ಕಡಿಯ ಕಣ್ಣಿಗೆ ಅಲ್ಲಿ ಏನೂ ನಡೆದಿಲ್ಲ. ನಿಜವಾಗಿ ಬಹಳವೇ ನಡೆದಿದೆ.

2015ರ ಜನವರಿಯಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ಲಿಸ್‌ಡೆಕ್ಸ್‌ಆಂಫೆಟಮಿನ್ ಎಂಬ ಔಷಧವನ್ನು ಈ ರೋಗಕ್ಕೆ ಅನುಮೋದಿಸಿದಾಗ, ಇದು ತೂಕ ಇಳಿಸುವುದಕ್ಕಾಗಿ ಅಲ್ಲವೆಂಬ ಎಚ್ಚರಿಕೆಯನ್ನು ಅದರ ವಿವರಪತ್ರದಲ್ಲಿಯೇ ಸೇರಿಸಿತು. ಬ್ರಿಟನ್ನಿನ ನೈಸ್ ಸಂಸ್ಥೆಯು 2017ರಲ್ಲಿ ಹೊರಡಿಸಿದ ಮಾರ್ಗಸೂಚಿ ಇನ್ನೂ ನೇರವಾಗಿದೆ: ಮಾನಸಿಕ ಚಿಕಿತ್ಸೆಯಿಂದ ತೂಕದ ಮೇಲಾಗುವ ಪರಿಣಾಮ ಸೀಮಿತವೆಂದೂ, ತೂಕ ಇಳಿಸುವುದು ಅದರ ಗುರಿಯಲ್ಲವೆಂದೂ ರೋಗಿಗೆ ಮೊದಲೇ ವಿವರಿಸತಕ್ಕದ್ದು, ಚಿಕಿತ್ಸೆಯ ಕಾಲದಲ್ಲಿ ಪಥ್ಯ ಹಿಡಿದು ತೂಕ ಇಳಿಸಲು ಹೊರಡಬಾರದೆಂದು ಹೇಳತಕ್ಕದ್ದು, ಏಕೆಂದರೆ ಅದರಿಂದಲೇ ಅತಿಭೋಜನ ಕೆರಳುವ ಸಂಭವವಿದೆ. ಸ್ಟಂಕರ್ಡನ ಆ ನೂರು ರೋಗಿಗಳಿಗೆ ಯಾರಾದರೂ ಇದನ್ನು ಹೇಳಿದ್ದರೆ ಎಷ್ಟು ಮಂದಿಯ ಅವಮಾನ ತಪ್ಪುತ್ತಿತ್ತೊ!

ಎಲ್ಲರೂ ಇದನ್ನು ಒಪ್ಪಿ ಸುಮ್ಮನಾಗಿದ್ದಾರೆಂದಲ್ಲ. ಯೇಲ್ ವಿಶ್ವವಿದ್ಯಾಲಯದ ಕಾರ್ಲೋಸ್ ಗ್ರೀಲೊ 2011ರಲ್ಲಿ 125 ಮಂದಿಯ ಪರೀಕ್ಷೆಯನ್ನು ಪ್ರಕಟಿಸಿದನು. ವರ್ಷದ ಕೊನೆಗೆ ಅತಿಭೋಜನದಿಂದ ಮುಕ್ತರಾದವರು ಮಾತಿನ ಚಿಕಿತ್ಸೆಯಲ್ಲಿ ಶೇಕಡಾ 51, ತೂಕದ ಚಿಕಿತ್ಸೆಯಲ್ಲಿ ಶೇಕಡಾ 36. ತೂಕದ ಇಳಿಕೆಯಾದರೋ ಎರಡನೆಯದರಲ್ಲಿಯೇ ಹೆಚ್ಚು. ಸಕ್ಕರೆ ಕಾಯಿಲೆಯೋ ಮಂಡಿನೋವೋ ಇರುವ ರೋಗಿಗೆ ಆ ಇಳಿಕೆಯೂ ಬೇಕಾದುದೇ ಎಂಬ ವಾದವನ್ನು ತಳ್ಳಿಹಾಕಲಾಗದು. ಜಠರವನ್ನು ಕಿರಿದುಮಾಡುವ ಶಸ್ತ್ರಚಿಕಿತ್ಸೆ ಬಂದ ಮೇಲಂತೂ ಪ್ರಶ್ನೆ ಇನ್ನಷ್ಟು ತೊಡಕಾಗಿದೆ. ಶಸ್ತ್ರಚಿಕಿತ್ಸೆಯಾದವನು ಒಂದೇ ಸಲಕ್ಕೆ ರಾಶಿ ತಿನ್ನಲಾರನು, ಹೊಟ್ಟೆಯಲ್ಲಿ ಎಡೆಯೇ ಇಲ್ಲ. ರೋಗಲಕ್ಷಣಗಳಲ್ಲಿ ಮೊದಲನೆಯದೇ ಅಲ್ಲಿಗೆ ಇಲ್ಲವಾಯಿತು. ಆದರೂ ಅಂಗೈಯಷ್ಟು ತಿನಿಸಿನ ಮುಂದೆ ಹಿಡಿತ ತಪ್ಪುವುದು ಕೆಲವರಲ್ಲಿ ಉಳಿಯುತ್ತದೆ, ಇಲ್ಲವೆ ತಿಂಗಳುಗಳ ಮೇಲೆ ಮರಳುತ್ತದೆ. ಹಾಗೆ ಆದವರ ತೂಕ ಕಡಿಮೆ ಇಳಿಯುವುದೂ, ಇಳಿದದ್ದು ಮರಳಿ ಏರುವುದೂ ಹೆಚ್ಚೆಂದು ಅವರನ್ನು ವರ್ಷಗಟ್ಟಲೆ ಹಿಂಬಾಲಿಸಿದವರು ಕಂಡಿದ್ದಾರೆ. ಆದಕಾರಣ ಅಂತಹ ರೋಗಿ ತಪಾಸಣೆಗೆ ಬಂದಾಗ, ತಕ್ಕಡಿಯನ್ನು ಏರುವ ಮೊದಲೇ, ತಿನ್ನುವಾಗ ನಿಲ್ಲಿಸಬೇಕೆಂದುಕೊಂಡರೂ ನಿಲ್ಲಿಸಲಾಗದೆ ಹೋದದ್ದುಂಟೆ ಎಂದು ಅವನನ್ನು ಕೇಳುವುದು ಈಗ ರೂಢಿಗೆ ಬರುತ್ತಿದೆ.